ಹೊಳಿನ್ನ ಗ್ವಾಡಿಗೆ ತಂದ ಜೈಬು ಅಕ್ಕೋರು

ಬಾಳ ಹಿಂದಿನ ಮಾತು. ಎಷ್ಟು ಹಿಂದಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ, ನಮ್ಮವ್ವಗೂ ಗೊತ್ತಿರಲಿಲ್ಲ. ಹೊಳಿದಂಡಿ ಮ್ಯಾಲೆ ಒಂದು ಊರು, ಆ ಊರಾಗ ಒಂದು ಸಾಲಿ, ಆ ಸಾಲಿಗೆ ಒಬ್ರು ಅಕ್ಕೋರು ಬಂದ್ರಂತ. ಹೆಸರು ಜೈಬುನ್ನಿಸಾ. ಅಷ್ಟುದ್ದ ಹೆಸರು ಯಾರ ಬಾಯಾಗ ಹಿಡಿತೈತಿ? ಜೈಬು ಅಕ್ಕೋರು ಅಂದ್ರು, ಅದ ಉಳೀತು. ಏ, ಅಲ್ಲೆ ಗುಸುಗುಸು ಮಾಡೋರು ಎದ್ದು ಹೋಗ್ರಿ. ಕೇಳೋದಿದ್ರ ಸುಮ್ಕ ಕುಂತು ಕೇಳ್ರಿ.

ಅವರು ಬಂದಾಗ ಹೆಗಲಿಗೆ ಒಂದು ಚೀಲ ಇತ್ತು. ಇಡೀ ಭೂಮಿನ ಮಡಚಿ ಆ ಚೀಲದಾಗ ಇಟ್ಕೊಂಡು ಬಂದಿದ್ರು ಅಂತಾರ ಕೆಲವರು. ಹುಚ್ಚರು! ಚೀಲದಾಗ ಇದ್ದದ್ದು ಒಂದು ಟ್ಯಾಬು, ಮತ್ತ ಗ್ವಾಡಿ ಮ್ಯಾಲೆ ಬೆಳಕು ಬಿಡೋ ಒಂದು ಪ್ರೊಜೆಕ್ಟರ್ ಡಬ್ಬಿ. ಆದ್ರ ಆಮ್ಯಾಲೆ ಆಗಿದ್ದನ್ನ ಕೇಳಿದ್ರ, ಭೂಮಿನ ಇತ್ತು ಅಂದೋರದೂ ತಪ್ಪಿಲ್ಲ ಬಿಡ್ರಿ.

ಅವರು ಬರೋದಕ್ಕ ಮೊದಲು ಆ ಸಾಲ್ಯಾಗ ನಕಾಶಿ ಅಂದ್ರ ಒಂದು ಹಳೇ ಸುರುಳಿ. ಇಲಿ ಕಡಿದು ಕಡಿದು ಅರ್ಧ ದೇಶನ ಇರಲಿಲ್ಲಂತ. ಹೊಳಿ ಎಲ್ಲಿ ಹುಟ್ಟತೈತಿ, ಎಲ್ಲಿ ಹೋಗಿ ಕೂಡತೈತಿ ಅಂತ ಹುಡ್ರು ಕಣ್ಣು ಮುಚ್ಚಿ ಒದರತಿದ್ರು. ಹಿತ್ತಲ ಬಾಗಿಲು ತೆಗೆದ್ರ ಕಾಣತೈತಲ್ಲ, ಅದ ಈ ಹೊಳಿ ಅಂತ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಅಕ್ಕೋರು ಅದನ್ನ ಕೇಳಿ ದಂಗಾಗಿ ನಿಂತ್ರಂತ. ಇದೆಂಥಾ ಓದು, ತಮ್ಮೂರ ಹೊಳಿನ ಗುರುತಿಲ್ಲದ ಓದು ಅಂದ್ರಂತ.

ಮರುದಿನ ಕಿಟಕಿಗೆಲ್ಲ ಕಂಬಳಿ ಕಟ್ಟಿಸಿ, ಕ್ವಾಣಿ ಕತ್ತಲ ಮಾಡಿ, ಗ್ವಾಡಿ ಮ್ಯಾಲೆ ಭೂಮಿನ್ನ ಬಿಟ್ರು. ಅದು ತಿರುಗಿತು. ಹತ್ರ ಬಂತು. ದೇಶ ಬಂತು, ಗುಡ್ಡ ಬಂದ್ವು, ನೂಲಿನಂಗ ಹೊಳಿ ಬಂತು, ಇನ್ನೂ ಇಳೀತು, ಇನ್ನೂ ಇಳೀತು. ಮುಂದ ಕುಂತ ಹುಡ್ರು ಹೌಹಾರಿ ಹಿಂದಕ್ಕ ಸರದ್ರು, ಬೀಳ್ತೀವಿ ಅಂತ. ಒಬ್ಬ ಬೆಂಚಿನ ಕಾಲು ಗಟ್ಟಿ ಹಿಡಕೊಂಡು ಯವ್ವಾ ಅಂದ. ಕಣ್ಣು ಬಿಟ್ಟು ನೋಡ್ತಾರ, ಗ್ವಾಡಿ ತುಂಬ ತಮ್ಮೂರು! ಗುಡಿ, ಮಸೂತಿ, ತಿಪ್ಪಿ, ಸಾಲಿ ಮಾಳಗಿ. ಹುಡ್ರಿಗೆ ಬಾಯಾಗಿನ ನೀರು ಆರಿದ್ವು ಅಂತಾರ.

ಸುದ್ದಿ ಊರ ತುಂಬ ಹಬ್ಬಿತು. ಮ್ಯಾಲಿಂದ ಯಾರೋ ನೋಡಾಕ ಹತ್ಯಾರಂತ! ಹೆಣಮಕ್ಳು ಬಚ್ಚಲಿಗೆಲ್ಲ ಮ್ಯಾಲೆ ಸೀರಿ ಕಟ್ಟಿ ಮರಿ ಮಾಡಿದ್ರು. ಒಬ್ಬಾಕಿ ಮುದುಕಿ ಛತ್ರಿ ಹಿಡಕೊಂಡು ಜಳಕ ಮಾಡಿದ್ಳಂತ. ನಗಬ್ಯಾಡ್ರಿ, ನಿಮ್ಮ ಮುತ್ತಜ್ಜಿನ ಇರಬೇಕು ಆಕಿ.

ಆದ್ರ ಹುಡ್ರು ಸಾಲಿ ಬಿಡವಲ್ರು. ಬಾಯಿ ಸತ್ತ ಹುಡ್ರು ಮಾತಾಡಾಕ ಹತ್ತಿದ್ರು. ನಮ್ಮನಿಯಿಂದ ಸಾಲಿಗೆ ಯಾವ ದಾರಿ ಸಮೀಪ, ಹೊಳಿ ಯಾರ ಹೊಲ ತಿನ್ನಾಕ ಹತ್ತೈತಿ, ಹಳ್ಳ ಎಲ್ಲಿ ತಿರುಗಿ ಎಲ್ಲಿ ಕೂಡತೈತಿ, ಎಲ್ಲಾನೂ ಗ್ವಾಡಿ ಮ್ಯಾಲೆ ಬೆರಳಿಟ್ಟು ಜಗಳಾಡ್ತಿದ್ರು. ಆಮ್ಯಾಲೆ ಹೊಲಕ್ಕ ಓಡಿ ಖರೇನೋ ಸುಳ್ಳೋ ನೋಡಿ ಬರ್ತಿದ್ರು. ಅಕ್ಕೋರು ಹಂಗ ಕಲಿಸ್ತಿದ್ರಂತ.

ಈಗ ಕೇಳ್ರಿ. ಆ ಊರಾಗ ಅಂಬಿಗರ ಜಡೆಪ್ಪ ಅಂತ ಒಬ್ಬ ಇದ್ದ. ಹೊಳಿ ದಾಟಿಸೋ ಹರಗೋಲು ಊರಿಗೆಲ್ಲ ಅವಂದೊಂದ. ಅಕ್ಕೋರು ಈ ಊರಿಗೆ ಬರೋದಕ್ಕ ಮೊದಲ, ಒಂದು ಮಳಿಗಾಲದಾಗ, ಆಚಿ ದಂಡಿಯಿಂದ ಹರಗೋಲು ಬಿಟ್ಟಾವ ಈಚಿ ದಂಡಿಗೆ ಬರಲಿಲ್ಲ. ಹೆಣ ಸಿಗಲಿಲ್ಲ, ಹರಗೋಲೂ ಸಿಗಲಿಲ್ಲ. ಅವನ ಹೇಣ್ತಿ ತಾಯವ್ವ ಕುಂಕುಮ ಅಳಸವಲ್ಲಳು, ಬಳಿ ತೆಗೀವಲ್ಲಳು. ಹಿರಿಯರು ಹೆಣದ ಬದಲಿ ಹುಲ್ಲಿನ ಬೊಂಬಿ ಮಾಡಿ ಮಣ್ಣು ಕೊಟ್ಟುಬಿಡೂಣು ಅಂದ್ರ, ಕೈಗೆ ಸಿಕ್ಕದ್ದನ್ನ ತಗೊಂಡು ಬೆನ್ನು ಹತ್ತತಿದ್ಳು. ಅವ ಎಲ್ಲೋ ಅದಾನ, ಬರ್ತಾನ ಅಂತಿದ್ಳು. ಮಗಳು ಕಸ್ತೂರಿ ಇದ ಅಕ್ಕೋರ ಸಾಲ್ಯಾಗ ಓದತಿದ್ಳು.

ಒಂದಿನ ಅಕ್ಕೋರು ಹೊಳಿ ಪಾಠ ತಗದ್ರು. ಹೊಳಿ ಹುಟ್ಟಿದಲ್ಲಿಂದ ಹಿಡದು ಕೆಳಗ ಹೋಗೂಣು ಅಂತ ಕಸ್ತೂರಿ ಕೈಯಾಗ ಟ್ಯಾಬು ಕೊಟ್ರು. ಹುಡುಗಿ ಬೆರಳಿಂದ ಸರಿಸಿಕೋಂತ, ಸರಿಸಿಕೋಂತ ತಮ್ಮೂರ ಮುಂದ ಬಂದು ನಿಂತಳು. ದೊಡ್ಡದು ಮಾಡಿದ್ಳು. ಹೊಳಿ ನಟ್ಟನಡುವ ಒಂದು ಕರೇ ಚುಕ್ಕಿ. ಇನ್ನೂ ದೊಡ್ಡದು ಮಾಡಿದ್ಳು. ದುಂಡಗ ಐತಿ. ಹಿಂದಿನ ಬೆಂಚಿನಾಗಿಂದ ಯಾರೋ ಹರಗೋಲು ಅಂದ್ರು.

ಜಡೆಪ್ಪ ಹೋದಮ್ಯಾಲೆ ಆ ಹೊಳಿಗೆ ಯಾರೂ ಹರಗೋಲು ಇಳಿಸಿರಲಿಲ್ಲ. ಅದು ಎಲ್ಲಾ ಹುಡ್ರಿಗೂ ಗೊತ್ತು. ಕಸ್ತೂರಿ ಅಳಲಿಲ್ಲ, ಕೂಗಲಿಲ್ಲ. ನಮ್ಮಪ್ಪ ಅಂದ್ಳು. ಅಷ್ಟ ಅಂದು ಟ್ಯಾಬು ಬೆಂಚಿನ ಮ್ಯಾಲಿಟ್ಟು ಮನಿಗೆ ಓಡಿದ್ಳು. ಅಕ್ಕೋರು ಹೊಸದಾಗಿ ಬಂದೋರು, ಈ ಕತಿ ಅವರಿಗೆ ಪೂರಾ ಗೊತ್ತಿರಲಿಲ್ಲ. ಬೆಳಕು ಆರಿಸಬೇಕು ಅನ್ನೋದೂ ನೆನಪಾಗದ ಹಂಗ ನಿಂತುಬಿಟ್ರಂತ.

ತಾಯವ್ವ ಕೈಗೆ ಹಿಟ್ಟು ಮೆತಗೊಂಡ ಬಂದ್ಳು. ಬಂದಾಕಿ ಗ್ವಾಡಿ ನೋಡಿದ್ಳು. ಹಿಟ್ಟಿನ ಕೈಯಿಂದ ಆ ಚುಕ್ಕಿ ಮುಟ್ಟಿದ್ಳು. ಮುಟ್ಟಿ ತಿರುಗಿ ನಿಂತು, ನಾ ಹೇಳಿದ್ನಿಲ್ಲೋ, ಅದಾನ ಅಂತ ಹೇಳಿದ್ನಿಲ್ಲೋ ಅಂತ ಚೀರಿದ್ಳು. ಆ ದನಿ ಊರ ಅಗಸಿ ತನಕ ಕೇಳಿತು ಅಂತಾರ.

ಇಡೀ ಊರು ಹೊಳಿಗೆ ಓಡಿತು. ಹಗ್ಗ ತಗೊಂಡೋರು ಹಗ್ಗ, ಬಿದಿರು ತಗೊಂಡೋರು ಬಿದಿರು. ಹೊಳಿ ತುಂಬಿ ಕೆಂಪಗ ಹರಿಯಾಕ ಹತ್ತಿತ್ತು, ನಡುವ ಏನೂ ಇಲ್ಲ. ಗಣಮಕ್ಳು ದಂಡಿ ಮ್ಯಾಲೆ ನಿಂತು ಜಡೆಪ್ಪಾ, ಜಡೆಪ್ಪಾ ಅಂತ ಕರದ್ರು. ಬುದ್ಧಿ ಇದ್ದೋರೂ ಕರದ್ರಂತ! ತಾಯವ್ವ, ನಿಮ್ಮ ಕಣ್ಣಿಗೆ ಕಾಣಂಗಿಲ್ಲ, ಸಾಲಿ ಗ್ವಾಡಿಗೆ ಕಾಣತೈತಿ ಅಂದಾಕಿನ ನೀರಿಗೆ ಇಳಿದಬಿಟ್ಳು. ಎದಿಮಟ ನೀರಾಗ ಹೋದಾಕಿನ್ನ ಹೆಣಮಕ್ಳು ಜಡಿ ಹಿಡದು ಎಳಕೊಂಡು ಬಂದ್ರು. ಬಿಟ್ಟಿದ್ರ ಅವತ್ತ ಕಸ್ತೂರಿ ಪೂರಾ ಪರದೇಶಿ ಆಗತಿದ್ಳು.

ಅಕ್ಕೋರು ಕೈಮುಗಿದು ಹೇಳಿದ್ರು, ಇದು ಇವತ್ತಿಂದಲ್ಲ, ಎಂದೋ ಒಂದಿನ ಆಕಾಶದಿಂದ ತಗದ ಫೋಟೋ ಅಂತ. ಯಾರು ಕೇಳ್ತಾರ? ಫೋಟೋ ಆದ್ರ ಗ್ವಾಡಿ ಮ್ಯಾಲೆ ತೂಗುಹಾಕಿದ್ದು ತೂಗುಹಾಕಿದಂಗ ಇರತೈತಿ, ಇದು ಬೆರಳಿಟ್ರ ಸರೀತೈತಿ, ಜೀವ ಇದ್ದದ್ದನ ಇದು ಅಂದ್ರು. ಕೆಲವರು ಆ ಡಬ್ಬಿ ಹೊಳಿಗೆ ಒಗೀರಿ, ಸತ್ತೋರನ್ನ ಎಬ್ಬಿಸೋ ಓದು ನಮ್ಮ ಹುಡ್ರಿಗೆ ಬ್ಯಾಡ ಅಂತ ಬೈದ್ರು. ಇನ್ನೊಬ್ಬ, ಮೀಸಿ ಹೊತ್ತ ಗಂಡಸು, ಸಂಜಿಮುಂದ ಮೆಲ್ಲಕ ಬಂದು ಸತ್ತ ನಮ್ಮವ್ವನ್ನೂ ಒಂದು ಸಲ ತೋರಸ್ರಿ ಅಂತ ಬೇಡಿಕೊಂಡನಂತ. ಅಕ್ಕೋರು ಅವತ್ತು ಊಟ ಮಾಡಲಿಲ್ಲ ಅಂತಾರ.

ತಾಯವ್ವ ಅಲ್ಲಿಂದ ದಂಡಿ ಬಿಟ್ಟು ಏಳಲಿಲ್ಲ. ರೊಟ್ಟಿ ಬುತ್ತಿ ಕಟಗೊಂಡು ಕುಂತಳು, ಅವ ಬಂದ್ರ ಹಸದಿರ್ತಾನಂತ. ಆಕಿನ್ನ ಯಾರಾದ್ರೂ ಒಬ್ರು ಕಾಯಬೇಕು. ಕಾಯೋರಿಗೂ ಹೊಲ ಮನಿ ಇರ್ತಾವಲ್ಲ? ಎಷ್ಟು ದಿನ ಕಾಯ್ತಾರ? ಒಬ್ರು ಕಣ್ಣು ಮುಚ್ಚಿದ್ರ ಆಕಿ ನೀರಾಗ. ಅಕ್ಕೋರಿಗೆ ಅದ ಚಿಂತಿ. ನಾ ಬೆಳಕು ಬಿಟ್ಟಿದ್ದಕ್ಕ ಒಂದು ಜೀವ ಹೋಗತೈತಿ ಅಂದ್ರಂತ.

ಆಮ್ಯಾಲೆ ಏನು ಮಾಡಿದ್ರು? ಬುದ್ಧಿ ಹೇಳಾಕ ಹೋಗಲಿಲ್ಲ. ಸಾಲಿನ ಎಬ್ಬಿಸಿಕೊಂಡು ಹೊಳಿದಂಡಿಗೆ ತಂದ್ರು. ತಾಯವ್ವನ ಮಗ್ಗಲಕ ಹುಡ್ರನ್ನ ಕುಂದರಿಸಿ, ಟ್ಯಾಬು ನಡುವ ಇಟ್ಟು, ಪಾಠ ಮಾಡಿದ್ರು. ಇದರಾಗ ಐತಿ, ಆದ್ರ ಈಗ ಊರಾಗಿಲ್ಲ, ಅಂಥದ್ದು ಹುಡುಕ್ರಿ ಅಂದ್ರು. ಈಗ ಊರಾಗ ಐತಿ, ಇದರಾಗಿಲ್ಲ, ಅಂಥದ್ದೂ ಹುಡುಕ್ರಿ ಅಂದ್ರು. ಹುಡ್ರು ಬಿದ್ದು ಎದ್ದು ಹುಡುಕಿದ್ರು. ಗಾಳಿಗೆ ಬಿದ್ದ ಹುಣಸಿಗಿಡ ಇದರಾಗ ನಿಂತೈತ್ರಿ. ಸಾಲಿ ಹೊಸಾ ಕ್ವಾಣಿ ಇಲ್ಲರಿ. ಗೌಡ್ರ ತಗಡಿನ ಕೊಟಗಿ ಇಲ್ಲರಿ. ತಾಯವ್ವ ಆ ಕಡೆ ಮುಖ ಮಾಡಲಿಲ್ಲ, ಹೊಳಿ ನೋಡಿಕೋಂತ ಕುಂತಿದ್ಳು.

ಆವಾಗ ಕಸ್ತೂರಿ ಒಂದು ಮಾತಂದ್ಳು. ದಂಡಿ ಬಂಡಿಗಲ್ಲ ಮ್ಯಾಲೆ ಇವು ಯಾರ ಕೌದಿ ಅಂದ್ಳು.

ತಾಯವ್ವ ತಿರುಗಿದ್ಳು. ಟ್ಯಾಬು ಕಸಕೊಂಡ್ಳು. ಕೆಂಪು, ಹಳದಿ, ಹಸಿರು ಅರಿವಿ ತುಂಡು ತುಂಡು, ಬಂಡಿಗಲ್ಲ ತುಂಬ ಕೌದಿ ಹರವ್ಯಾವ. ಬಾಜೂಕ ಒಂದು ಸಣ್ಣ ನೆರಳು. ನೋಡಿದ್ಳು, ನೋಡಿದ್ಳು. ತನ್ನ ಕೈಯಾರ ಹೊಲಿದ ಕೌದಿ ಹೆಣ್ಣಿಗೆ ಗುರುತು ಸಿಗಂಗಿಲ್ಲೇನು? ಇವು ನನ್ನೂವು ಅಂದ್ಳು. ಇದು ನಾನು ಅಂದ್ಳು, ಆ ನೆರಳು ತೋರಿಸಿ. ಮಾನೌಮಿ ಹಬ್ಬಕ್ಕ ಮೊದಲು ಹಾಸಿಗಿ ಒಗದ ದಿನ ಇದು. ಅವ ಆಚಿ ಊರಿನ ಸಂತಿಗೆ ಮಂದಿನ ದಾಟಿಸಿ ಹೊಳ್ಳಿ ಬರಾಕ ಹತ್ತಿದ್ದ ಅಂದ್ಳು.

ಅಕ್ಕೋರು ಆಗ ಒಂದ ಒಂದು ಪ್ರಶ್ನೆ ಕೇಳಿದ್ರಂತ, ಸಾಲ್ಯಾಗ ಹುಡ್ರಿಗೆ ಕೇಳಿದಂಗ: "ಆಮ್ಯಾಲೆ ಏನಾತು, ತಾಯವ್ವ?"

ತಾಯವ್ವ ಆ ಕರೇ ಚುಕ್ಕಿ ಮ್ಯಾಲೆ ಬೆರಳಿಟ್ಳು. "ಬಂದ," ಅಂದ್ಳು. "ಆವತ್ತ ದಂಡಿಗೆ ಬಂದ. ಇಬ್ರೂ ಕೂಡಿ ಕೌದಿ ಮಡಚಿದ್ವಿ. ಆ ತುದಿ ಅವ ಹಿಡದ, ಈ ತುದಿ ನಾ ಹಿಡದ್ನಿ. ಜಗ್ಗಿ ಬೀಳಸಾಕ ನೋಡಿದ, ಬೈದ್ನಿ." ಅಂದು ನಕ್ಕಳು. ನಕ್ಕಾಕಿಗೆ ನಗಿ ಅಲ್ಲೆ ನಿಂತಿತು. "ಇದರಾಗಿನಾವ ಬಂದ. ಮುಂದಿನ ಮಳಿಗಾಲದಾಗ ಹೋದಾವ ಬರಲಿಲ್ಲ," ಅಂದ್ಳು. ಯಾರೂ ಹೇಳಿಕೊಡಲಿಲ್ಲ, ತಾನ ಅಂದ್ಳು. ಆಮ್ಯಾಲೆ ಕಸ್ತೂರಿನ್ನ ಅವಚಿಕೊಂಡು ಗಟ್ಟಿಸಿ ಅತ್ತಳು. ಜಡೆಪ್ಪ ಹೋದಮ್ಯಾಲೆ ಆಕಿ ಅತ್ತದ್ದು ಅದ ಮೊದಲು ಅಂತಾರ. ಬುತ್ತಿ ಬಿಚ್ಚಿ ಅದರಾಗಿನ ರೊಟ್ಟಿ ಹುಡ್ರಿಗೆಲ್ಲ ಮುರದು ಕೊಟ್ಟಳಂತ.

ಆಮ್ಯಾಲೆ ಹುಲ್ಲಿನ ಬೊಂಬಿಗೆ ಮಣ್ಣು ಕೊಟ್ಟರು. ತಾಯವ್ವ ಹೊಳಿಗೆ ಇಳೀಲಿಲ್ಲ. ಆದ್ರ ವಾರಕ್ಕೊಮ್ಮೆ ಸಾಲಿಗೆ ಬರ್ತಿದ್ಳು, ಅಕ್ಕೋರು ಗ್ವಾಡಿ ಮ್ಯಾಲೆ ಹೊಳಿ ತಗೀತಿದ್ರು, ಆಕಿ ಚುಕ್ಕಿ ನೋಡಿ ಮನಿಗೆ ಹೋಗತಿದ್ಳು. ಹಿಂಗ ನಡೀತು. ಒಂದಿನ ತಗೀತಾರ, ಹೊಳಿ ಬ್ಯಾರೆ ಆಗೈತಿ! ಸಾಲಿ ಹೊಸಾ ಕ್ವಾಣಿ ಕಾಣತೈತಿ. ಹುಣಸಿಗಿಡ ಇಲ್ಲ. ಕೌದಿ ಇಲ್ಲ. ಚುಕ್ಕಿ ಇಲ್ಲ. ಮ್ಯಾಲಿಂದ ಫೋಟೋ ತಗಿಯೋರು ಹಳೇದು ತಗದು ಹೊಸಾ ಫೋಟೋ ಹಾಕಿಬಿಟ್ಟಿದ್ರು. ಹುಡ್ರು ತಾಯವ್ವನ ಕಡೆ ತಿರುಗಿದ್ರು, ಕಸ್ತೂರಿ ಅವ್ವನ ಸೆರಗು ಹಿಡಕೊಂಡ್ಳು. ತಾಯವ್ವ ಖಾಲಿ ಹೊಳಿನ್ನ ನೋಡಿದ್ಳು. ದಂಡಿ ಮುಟ್ಯಾನ ಬಿಡ್ರಿ ಅಂದ್ಳು. ಅಂದು ಎದ್ದು ಹೋದ್ಳು. ಈ ಮಾತು ಹೇಳುವಾಗೆಲ್ಲ ನನಗ ಮೈ ಝುಂ ಅಂತೈತಿ, ನೋಡ್ರಿ, ಈಗೂ.

ಮುಂದ ಜೈಬು ಅಕ್ಕೋರಿಗೆ ವರ್ಗ ಆತು. ಆಕಾಶಕ್ಕ ಹೋಗಿ ಅಲ್ಲಿಂದ ಊರೂರ ಫೋಟೋ ತಗೀತಾರ ಅಂತಾರ ಕೆಲವರು. ನಾ ನಂಬಂಗಿಲ್ಲ. ಬ್ಯಾರೆ ಊರಾಗ ಬ್ಯಾರೆ ಹುಡ್ರಿಗೆ ಕಲಿಸಿ, ವಯಸ್ಸಾಗಿ ಹೋಗಿರಬೇಕು, ಎಲ್ಲಾರೂ ಹೋದಂಗ. ಆದ್ರ ನಮ್ಮೂರ ಸಾಲ್ಯಾಗ ಇಂದಿಗೂ ಯಾವ ನಕಾಶಿ ತಗದ್ರೂ ಹುಡ್ರು ಮೊದಲು ಇದು ಯಾವ ದಿನದ್ದು ಅಂತ ಕೇಳ್ತಾರ. ಆಮ್ಯಾಲೆ ಮುಂದಿನ ಪಾಠ.

ಮತ್ತ ವರ್ಷಕ್ಕೊಂದು ಬಿಸಿಲಿನ ದಿನ, ಮೋಡ ಇರಬಾರದು, ಊರಾಗ ಯಾರೂ ಸೂರಿನ ಕೆಳಗ ಇರಂಗಿಲ್ಲ. ಇದಕ್ಕ ಪೂಜಿಲ್ಲ, ನೈವೇದ್ಯ ಇಲ್ಲ. ಹೊಲದಾಗ ಕೆಲಸ ಇದ್ದೋರು ಹೊಲದಾಗ, ಒಗೆಯೋರು ಹೊಳ್ಯಾಗ, ಕೂಸಿದ್ದೋರು ಕೂಸು ಎತಗೊಂಡು ಅಂಗಳದಾಗ. ನಡೀಲಾರದೋರನ್ನ ಮಲಗಿದ ಹೊರಸಿನ ಸಮೇತ ಎತ್ತಿ ತಂದು ಬಯಲಾಗ ಇಡ್ತಾರ. ಮ್ಯಾಲಿಂದ ಫೋಟೋ ಯಾವಾಗ ತಗೀತಾರ ಯಾರಿಗೆ ಗೊತ್ತು? ತಗೀಲಿಕ್ಕೂ ಇಲ್ಲ. ತಗದ್ರ ಯಾರೂ ಬಿಟ್ಟುಹೋಗಬಾರದು, ಅಷ್ಟ.

ನಾಳೆ ಬಿಸಿಲು ಬೀಳೋ ಹಂಗೈತಿ. ನನ್ನ ಹೊರಸು ಮರಿಬ್ಯಾಡ್ರಿ, ಗುಡಿಕಟ್ಟಿ ನೆರಳಾಗ ಇಟ್ಟೀರಿ ಮತ್ತ, ನಡು ಬಯಲಾಗ ಇಡ್ರಿ. ಕೆಂಪು ಸೀರಿ ಉಡಸ್ರಿ ನನಗ. ಕಾಣಬೇಕು.