ಕಾಲಿಗೂ ಕಾಳಿಗೂ ಒಂದೇ ಬೂಷ್ಟು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳ ಚೂಪು ಸವೆದಿರಲಿಲ್ಲ. ಹೊಳೆಗಳಿಗೆ ತಮ್ಮ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಆಗ ಭೂಮಿತಾಯಿ ಎಲ್ಲರನ್ನೂ ಕರೆದು ಕೆಲಸ ಹಂಚಿದಳು. ಜೇನಿಗೆ ಹೂವಿನ ಕೆಲಸ, ಇರುವೆಗೆ ಹೊರುವ ಕೆಲಸ. ಎಲ್ಲರೂ ಹೋದ ಮೇಲೆ ನೋಡಿದರೆ ಮೂಲೆಯಲ್ಲಿ ಬೂಷ್ಟು ಉಳಿದಿತ್ತು.

ಬೂಷ್ಟಿಗೆ ಕಣ್ಣಿಲ್ಲ, ಕಾಲಿಲ್ಲ. ಬೀಸುಕಲ್ಲಿನಿಂದ ಹಾರುವ ಹಿಟ್ಟಿಗಿಂತ ಸಣ್ಣದು. ಅದನ್ನು ಮರೆತದ್ದರಲ್ಲಿ ಭೂಮಿತಾಯಿಯ ತಪ್ಪೇನಿಲ್ಲ ಬಿಡು.

“ಸತ್ತದ್ದೆಲ್ಲಾ ನಿಂದು,” ಅಂದಳು ಅವಳು. “ಉದುರಿದ ಎಲಿ, ಒಣಗಿದ ಕಟಗಿ, ಹೊಟ್ಟು. ತಿಂದು ಮಣ್ಣು ಮಾಡು. ಜೀವ ಇದ್ದದ್ದನ್ನ ಮಾತ್ರ ಮುಟ್ಟಬ್ಯಾಡ.”

“ನನಗ ಕಣ್ಣಿಲ್ಲಬೇ ಯವ್ವಾ. ಸತ್ತದ್ದು ಯಾವುದು, ಜೀವ ಇದ್ದದ್ದು ಯಾವುದು, ಹ್ಯಾಂಗ ತಿಳೀಬೇಕು?”

“ಬಾಗಿಲಾ ಬಡಿ. ಒಳಗ ಯಾರರ ಅದೀರೇನು ಅಂತ ಕೇಳು. ಓ ಅಂದ್ರ ಮುಂದಕ್ಕ ಹೋಗು. ಸುಮ್ಮನಿದ್ರ ತಿನ್ನು.”

ಬೂಷ್ಟು ಹೇಳಿದಂತೆಯೇ ನಡೆಯಿತು. ಗಾಳಿ ಅದನ್ನು ಹೊತ್ತುಕೊಂಡು ಹೋಗಿ ಹಸಿರೆಲೆಯ ಮೇಲೆ ಇಳಿಸಿತು. “ಒಳಗ ಯಾರರ ಅದೀರೇನು?” “ಓ,” ಅಂದಿತು ಎಲೆ. ಬೂಷ್ಟು ಮುಂದೆ ಹೋಯಿತು. ಉದುರಿದ ಎಲೆಯ ಮೇಲೆ ಇಳಿಯಿತು. “ಒಳಗ ಯಾರರ ಅದೀರೇನು?” ಉತ್ತರವಿಲ್ಲ. ಕೂತು ಊಟ ಮಾಡಿತು. ಹೀಗೇ ಬಹಳ ಕಾಲ ನಡೆಯಿತು, ಯಾರೂ ತಕರಾರು ಮಾಡಲಿಲ್ಲ.

ಆಗ ಎರೆಮಣ್ಣಿನ ಸೀಮೆಯಲ್ಲಿ ಬಾಳವ್ವ ಅನ್ನುವವಳು ತನ್ನ ಗಂಡ ದುರ್ಗಪ್ಪನ ಜೊತೆ ಮೊದಲ ಸಲ ಜೋಳ ಬೆಳೆದಳು. ಮನುಷ್ಯರ ಕೈಯಲ್ಲಿ ಇದ್ದ ಜೋಳವೆಂದರೆ ಅಷ್ಟೇ. ಅದನ್ನು ಕಾಪಾಡಲು ಗಂಡಹೆಂಡತಿ ನೆಲದಲ್ಲಿ ಆಳವಾಗಿ ಒಂದು ಗುಂಡಿ ತೋಡಿದರು. ಅದಕ್ಕೆ ಹಗೇವು ಎಂದು ಹೆಸರಿಟ್ಟರು. ಅದರೊಳಗೆ ಸುತ್ತಲೂ ಒಣಹುಲ್ಲು ಹಾಸಿದರು. ಉಣ್ಣುವ ಜೋಳ, ಬಿತ್ತುವ ಜೋಳ ಎರಡನ್ನೂ ಅದರಲ್ಲೇ ಸುರಿದರು. ಬೀಜವನ್ನು ಬೇರೆ ಇಡಬೇಕೆಂಬ ಬುದ್ಧಿ ಇನ್ನೂ ಯಾರಿಗೂ ಬಂದಿರಲಿಲ್ಲ.

ಸುರಿದ ಜೋಳವನ್ನು ತುಳಿದು ಅದುಮಬೇಕು, ಇಲ್ಲದಿದ್ದರೆ ಹಗೇವಿನಲ್ಲಿ ಹಿಡಿಸುವುದಿಲ್ಲ. ಬಾಳವ್ವನಿಗೆ ಜೋಳ ಅಂದರೆ ದೇವರು. ಕೊಳೆಗಾಲಲ್ಲಿ ದೇವರನ್ನು ತುಳಿಯುವುದು ಹೇಗೆ?

“ನೀರು ಹಾಕ್ರಿ,” ಅಂದಳು. ದುರ್ಗಪ್ಪ ತಂಬಿಗೆಯಿಂದ ಹಾಕಿದ. ಅವಳು ಕಾಲು ತೊಳೆದು, ಕೈಮುಗಿದು, ಒಳಗಿಳಿದು ತುಳಿದಳು. ಹೊರಬಂದು ಇನ್ನಷ್ಟು ಜೋಳ ಸುರಿದಳು. ಮತ್ತೆ ಕಾಲು ತೊಳೆದು, ಕೈಮುಗಿದು, ಇಳಿದು ತುಳಿದಳು. ಭಕ್ತಿಗೆ ಏನೂ ಕಡಿಮೆ ಇರಲಿಲ್ಲ. ಕಾಲು ಒರೆಸಿಕೊಳ್ಳುವುದೊಂದು ಅವಳಿಗೆ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಕೊನೆಗೆ ಹಗೇವಿನ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರು.

ಹಾಸಿದ ಹುಲ್ಲಿನಲ್ಲಿ ಬೂಷ್ಟು ತನ್ನ ಪಾಡಿಗೆ ಇತ್ತು. ಸತ್ತ ಹುಲ್ಲು, ಅದರದ್ದೇ ಪಾಲು. ತುಳಿಯುವಾಗ ಬಾಳವ್ವನ ಕಾಲು ಹುಲ್ಲಿಗೆ ತಗುಲಿ, ಬೂಷ್ಟು ಅವಳ ಒದ್ದೆ ಬೆರಳ ಸಂದಿ ಸೇರಿತು. ಅದು ರೂಢಿಯಂತೆ ಬಾಗಿಲು ಬಡಿಯಿತು. “ಒಳಗ ಯಾರರ ಅದೀರೇನು?” ನಮ್ಮ ಮೈಯ ತೊಗಲಿನಲ್ಲಿ ತೀರಾ ಮೇಲಿನ ಪದರ ಸತ್ತದ್ದೇ ಮಗಾ, ಕೆರೆದರೆ ಹೊಟ್ಟಿನಂತೆ ಉದುರುವುದಿಲ್ಲವೇ? ಅದು ಏನಂತ ಉತ್ತರ ಕೊಟ್ಟೀತು? ಬೂಷ್ಟು ಅಲ್ಲಿ ಬಿಡಾರ ಹೂಡಿತು.

ಹಗೇವಿನೊಳಗೆ ಒದ್ದೆ ಕಾಳು. ಅಲ್ಲೂ ಬಡಿಯಿತು. ಕಾಳು ಬಿತ್ತುವ ದಿನದವರೆಗೆ ನಿದ್ದೆ ಮಾಡುತ್ತದೆ, ಓಗೊಡಲಿಲ್ಲ. ಬೂಷ್ಟು ಊಟಕ್ಕೆ ಕೂತಿತು.

ಬಿತ್ತನೆಯ ಹೊತ್ತು ಬಂತು. ಅಷ್ಟರಲ್ಲಿ ಬಾಳವ್ವನ ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗಾಗಿ, ಒಡೆದು, ನಿಂತಲ್ಲಿ ನಿಲ್ಲದಷ್ಟು ತುರಿಕೆ. ಚಪ್ಪಡಿ ಸರಿಸಿದರೆ ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಜೋಳ ಹೆಂಟೆಗಟ್ಟಿತ್ತು, ಹಸಿರು ಧೂಳು ಹಿಡಿದಿತ್ತು. ಬಾಳವ್ವ ಅಲ್ಲೇ ಕೂತು ಅತ್ತಳು. ಇದು ಹೋದರೆ ಬಿತ್ತಲು ಬೇರೆ ಬೀಜ ಭೂಮಿಯ ಮೇಲೆಲ್ಲೂ ಇರಲಿಲ್ಲ.

“ಕಾಲ ತೊಳಕೊಂಡು ತುಳದೆ, ಸೂರ್ಯಪ್ಪಾ. ಕೈಮುಗದು ತುಳದೆ,” ಅಂದಳು. “ನೀನ ನ್ಯಾಯ ಹೇಳು.”

ಸೂರ್ಯ ಬೂಷ್ಟನ್ನು ಕರೆದ. “ಏನಲೇ ಸಮಯಸಾಧಕ, ಜೀವ ಇದ್ದದ್ದನ್ನ ಯಾಕ ತಿಂದಿ?”

“ನಾ ಬಾಗಿಲಾ ಬಡಿದೆ,” ಅಂದಿತು ಬೂಷ್ಟು. “ಕಾಲಿನ್ಯಾಗೂ ಬಡಿದೆ, ಕಾಳಿನ್ಯಾಗೂ ಬಡಿದೆ. ಯಾರೂ ಓ ಅನ್ನಲಿಲ್ಲ. ತಪ್ಪಂದ್ರ ನನ್ನ ಕೆಲಸಾನ ತಕ್ಕೋ.”

“ತಕ್ಕೋ ಸೂರ್ಯಪ್ಪಾ,” ಅಂದಳು ಬಾಳವ್ವ.

ಭೂಮಿತಾಯಿ ಅಡ್ಡ ಬಂದಳು. “ಇದರ ಕೆಲಸ ನಿಂತ್ರ ಉದುರಿದ ಎಲಿ, ಹೊಟ್ಟು ಎಲ್ಲಾ ನನ್ನ ಮ್ಯಾಲ ಹಂಗ ಬೀಳ್ತಾವು. ನೀ ಬಿತ್ತಾಕ ಜಾಗಾ ಎಲ್ಲಿ ಹುಡುಕ್ತೀ ಮಗಳ?”

ಬಾಳವ್ವನಿಗೆ ಸಿಟ್ಟು ಬಂತು.

ಸೂರ್ಯ ತೀರ್ಪು ಹೇಳಿದ. “ಹಂಗಾದ್ರ ನಿದ್ದಿ ಮಾಡೋರ ಪರವಾಗಿ ನಾನ ಓಗೊಡ್ತೀನಿ. ನಾ ಒಣಗಿಸಿದ ಕಾಳಿನ ಬಾಗಿಲಾ ಬಡದ್ರ ನಾನ ಓ ಅಂತೀನಿ. ನಾ ಒಣಗಿಸಿದ ಕಾಲಿನ ಬಾಗಿಲಾ ಬಡದ್ರೂ ಅಷ್ಟ. ಆದ್ರ ಹಸಿ ಇದ್ದಲ್ಲಿ ನನ್ನ ದನಿ ಮುಟ್ಟಂಗಿಲ್ಲ ಬಾಳವ್ವಾ. ಅದನ್ನ ನೀವ ನೋಡ್ಕೋಬೇಕು.”

“ಹಾಳಾಗಿ ಹೋದದ್ದು?”

“ಅದು ಹೋತು,” ಅಂದ ಸೂರ್ಯ. ಅವನಿಗೂ ಬೇಜಾರಾಗಿತ್ತು.

ಬಾಳವ್ವ ಕಣ್ಣೊರೆಸಿಕೊಂಡು ಎದ್ದಳು. ಹಗೇವಿನ ನಡುವೆ, ತೇವ ಇಳಿಯದ ಕಡೆ ಒಂದಿಷ್ಟು ಜೋಳ ಚೆನ್ನಾಗಿಯೇ ಉಳಿದಿತ್ತು. ಗಂಡಹೆಂಡತಿ ಅದನ್ನು ಬಾಚಿ ತೆಗೆದು ಬಿಸಿಲಿಗೆ ಹರಡಿದರು. ಅವಳು ಪಕ್ಕದಲ್ಲೇ ಕಾಲು ಚಾಚಿ, ಬೆರಳು ಬಿಡಿಸಿ ಕೂತಳು. ಬೂಷ್ಟು ಬಂದು ಬಡಿಯಿತು. “ಓ,” ಅಂದ ಸೂರ್ಯ. ಬೂಷ್ಟು ಮುಂದೆ ಹೋಯಿತು.

ಆ ವರ್ಷ ಅರ್ಧ ಹೊಲ ಬೀಳು ಬಿತ್ತು, ಅರೆಹೊಟ್ಟೆಯಲ್ಲೇ ಕಾಲ ತಳ್ಳಿದರು. ಆದರೆ ಇವತ್ತು ನಿನ್ನ ತಟ್ಟೆಯಲ್ಲಿರುವ ರೊಟ್ಟಿ ಆ ಉಳಿದ ಅರ್ಧದ ಸಂತತಿಯೇ.

ಅದಕ್ಕೇ ಈಗಲೂ, ಜೋಳ ತೆನೆ ಬಿಟ್ಟಾಗ ಮಳೆ ಹಿಡಿದು ಮೋಡ ಕವಿದರೆ, ಹೊಲದಲ್ಲಿ ತೆನೆಯೂ ಕಪ್ಪಾಗುತ್ತದೆ, ಆ ಹೊಲದ ಕೆಸರಲ್ಲಿ ನಿಂತ ನಿನ್ನ ಅವ್ವನ ಕಾಲ್ಬೆರಳ ಸಂದಿಯೂ ಬೆಳ್ಳಗಾಗಿ ತುರಿಸುತ್ತದೆ. ಬೂಷ್ಟು ಎರಡು ಕಡೆಯೂ ತಪ್ಪದೆ ಬಾಗಿಲು ಬಡಿಯುತ್ತದೆ, ಓ ಅನ್ನಬೇಕಾದವನು ಮೋಡದ ಹಿಂದಿರುತ್ತಾನೆ.