ಪೆಟ್ಲಿನ ಸದ್ದು

"ಗುರುಗಳೇ, ಏರ್‌ಗನ್ನಿಗೂ ಬಣ್ಣದ ಉಂಡೆ ಹಾರಿಸುವ ಆಟದ ಕೋವಿಗೂ ನಿಜವಾದ ಬಂದೂಕಿನ ಪರವಾನಗಿಯೇ ಇರಬೇಕೋ, ಅಥವಾ ಅವಕ್ಕೆ ಬೇರೆಯದೇ ಇರಬೇಕೋ?"

ಕೇಳಿದವನು ಶಿಷ್ಯ ವೀರಣ್ಣ. ನಿಯಮ ರೂಪಿಸುವ ಸಮಿತಿಯೊಂದು ಅವನ ಅಭಿಪ್ರಾಯ ಕೇಳಿತ್ತು. ಅವನಿಗೆ ಎರಡೂ ಕಡೆಯ ಮಾತು ಸರಿಯೆನಿಸುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಒಂದು ಚಿಕ್ಕ ಪಾಳೆಯಪಟ್ಟಿನಲ್ಲಿ ಬೊಮ್ಮರಸನೆಂಬ ಅಧಿಕಾರಿಯಿದ್ದ. ಅರಮನೆಯ ಮುದ್ರೆ ಅವನ ಕೈಯಲ್ಲಿತ್ತು. ಅವನು ಮುದ್ರೆ ಒತ್ತದೆ ಆ ಸೀಮೆಯಲ್ಲಿ ಯಾರೂ ಕೋವಿ ಇಟ್ಟುಕೊಳ್ಳುವಂತಿರಲಿಲ್ಲ.

ಅವನ ಬಾಲ್ಯದ ಗೆಳೆಯ ಕೆಂಚಣ್ಣ, ಬುಟ್ಟಿ ಹೆಣೆಯುವ ಮೇದಾರ. ಗೌರಿಹಬ್ಬ ಹತ್ತಿರ ಬಂದರೆ ಕೆಂಚಣ್ಣ ಮಕ್ಕಳಿಗೆ ಪೆಟ್ಲು ಮಾಡಿಕೊಡುತ್ತಿದ್ದ. ಪೆಟ್ಲೆಂದರೆ ಗೇಣುದ್ದದ ಬಿದಿರಿನ ಕೊಳವೆ, ಅದಕ್ಕೊಂದು ದಬ್ಬುಗೋಲು. ಕೊಳವೆಯ ಬಾಯಿಗೆ ಬಟಾಣಿ ಗಾತ್ರದ ಒಂದು ಜುಮ್ಮನಕಾಯಿ ಸಿಕ್ಕಿಸಿ, ಹಿಂದಿನಿಂದ ಇನ್ನೊಂದನ್ನು ದಬ್ಬಬೇಕು. ನಡುವೆ ಸಿಕ್ಕ ಗಾಳಿ ಮುಂದಿನ ಕಾಯಿಯನ್ನು 'ಪಟ್' ಎಂದು ಹಾರಿಸುತ್ತದೆ. ಬೊಮ್ಮರಸನೂ ಕೆಂಚಣ್ಣನೂ ಆ ಕಾಯಿಗಳನ್ನು ಒಬ್ಬರ ಬೆನ್ನಿಗೊಬ್ಬರು ಹೊಡೆದು ಬೆಳೆದವರು. ಬೆನ್ನು ಚುರ್ ಎನ್ನುತ್ತಿತ್ತು. ಹೊಡೆದವನೂ ನಗುತ್ತಿದ್ದ, ಹೊಡೆಸಿಕೊಂಡವನೂ ನಗುತ್ತಿದ್ದ.

ಒಂದು ಸಲ ಪಾಳೆಗಾರನ ಭಾವಮೈದ ಬೇಟೆಯಲ್ಲಿ ಗುಂಡು ತಗುಲಿ ಸತ್ತ. ದುಃಖದಲ್ಲಿದ್ದ ಪಾಳೆಗಾರ, ಕೊಳವೆಯಿಂದ ಏನನ್ನೇ ಹಾರಿಸುವ ಸಾಧನವಾದರೂ ಅದಕ್ಕೆ ಮುದ್ರೆ ಬೇಕೆಂದು ಆಜ್ಞೆ ಮಾಡಿದ. ಆಳುಗಳು ಮನೆಮನೆಗೆ ಹೋಗಿ ಮುದ್ರೆಯಿಲ್ಲದ ಕೋವಿಗಳ ಜೊತೆ ಪೆಟ್ಲುಗಳನ್ನೂ ಹೊತ್ತು ತಂದರು. ಚಾವಡಿಯಲ್ಲಿ ಬಿದಿರಿನ ರಾಶಿ ಬಿತ್ತು.

ಕೆಂಚಣ್ಣ ಚಾವಡಿಗೆ ಬಂದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹೇಳಿದ: "ಬೊಮ್ಮಣ್ಣ, ನಿನ್ನ ಬೆನ್ನಿಗೆ ನಾನು ಎಷ್ಟು ಕಾಯಿ ಹೊಡೆದಿಲ್ಲ! ನೀನೇನು ಸತ್ತೆಯಾ?"

ಬೊಮ್ಮರಸನಿಗೆ ನಗು ಬಂತು. ಆ ರಾಶಿಯಿಂದ ಒಂದು ಪೆಟ್ಲನ್ನು ಎತ್ತಿ ಮೂಸಿದ. ಹಸಿ ಬಿದಿರಿನ ವಾಸನೆಗೆ ಅವನ ಕಣ್ಣು ತೇವವಾಯಿತು. ಅಂದೇ ಪಾಳೆಗಾರನ ಬಳಿಗೆ ಹೋಗಿ ಬಿನ್ನವಿಸಿಕೊಂಡ. ಮದ್ದಿನ ಬೆಂಕಿಯಿಂದ ಹಾರುವುದು ಆಯುಧ, ಬರಿಯ ಗಾಳಿಯಿಂದ ಹಾರುವುದು ಆಟಿಕೆ ಎಂದ. ಪಾಳೆಗಾರ ಒಪ್ಪಿದ. ಬೆಂಕಿಗೆ ಮುದ್ರೆ ಬೇಕು, ಗಾಳಿಗೆ ಬೇಡ ಎಂದು ಡಂಗುರ ಹೊಡೆಸಿದರು.

ಆ ವರ್ಷದ ಗೌರಿಹಬ್ಬದಲ್ಲಿ ಬೀದಿಯೆಲ್ಲ ಪಟ್ ಪಟ್ ಎಂದಿತು. ಬೊಮ್ಮರಸ ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತು ಕೇಳಿದ. ತೀರಿಹೋದ ತಾಯಿ ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದಾಳೆ ಎನ್ನಿಸಿತು.

ಕೆಲವು ವರ್ಷ ಕಳೆಯಿತು. ಪಕ್ಕದ ಸೀಮೆಯ ಒಬ್ಬ ಕಂಚುಗಾರ ಹಿತ್ತಾಳೆಯ ಕೊಳವೆ ಮಾಡಿ, ಅದರ ಹಿಂದೆ ತೊಗಲಿನ ತಿದಿ ಕಟ್ಟಿದ. ತಿದಿಯಲ್ಲಿ ಗಾಳಿ ತುಂಬಿ ಬಿಟ್ಟರೆ ಸೀಸದ ಗುಂಡು ಹಾರುತ್ತಿತ್ತು. ಅದರಿಂದ ಮರದ ಮೇಲಿನ ಹಕ್ಕಿ ಬೀಳುತ್ತಿತ್ತು. ಊರಿನ ತರುಣರು ಮುಗಿಬಿದ್ದು ಕೊಂಡರು.

ಕಾವಲಿನವನೊಬ್ಬ ಬಂದು, "ಸ್ವಾಮಿ, ಇದಕ್ಕೆ ಮುದ್ರೆ ಬೇಕೇ?" ಎಂದು ಕೇಳಿದ.

"ಬೆಂಕಿ ಇದೆಯೇ?"

"ಇಲ್ಲ ಸ್ವಾಮಿ, ಬರೀ ಗಾಳಿ."

"ಹಾಗಾದರೆ ಬಿಡು," ಎಂದ ಬೊಮ್ಮರಸ. ಆಗಲೇ ದೂರದಲ್ಲಿ ಆ ಕೊಳವೆಯ ಸದ್ದು ಕೇಳಿಸಿತು. ಅದೂ 'ಪಟ್' ಎಂದೇ ಇತ್ತು. ಅವನ ಮುಖದಲ್ಲಿ ನಗು ಮೂಡಿತು.

ಮರುವರ್ಷದ ಹಬ್ಬದಲ್ಲಿ ಒಬ್ಬ ಯುವಕ ಚಪ್ಪರಕ್ಕೆ ಕಟ್ಟಿದ ಸೋರೆಕಾಯಿಗೆ ಗುರಿಯಿಟ್ಟು ಹಿತ್ತಾಳೆಯ ಕೊಳವೆಯನ್ನು ಎರಡು ಸಲ ಹೊಡೆದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಎರಡು ಸಲವೂ ಗುರಿ ತಪ್ಪಿತು. ಎರಡನೆಯ ಗುಂಡು ಬೀದಿಯಲ್ಲಿ ಹೋಗುತ್ತಿದ್ದ ಕೆಂಚಣ್ಣನ ಬಲಗಣ್ಣಿಗೆ ಹೊಕ್ಕಿತು.

ಪಾಳೆಗಾರ ಕೆರಳಿದ. "ಬೆಂಕಿಯೂ ಬೇಡ, ಗಾಳಿಯೂ ಬೇಡ. ಎಲ್ಲವನ್ನೂ ಸುಡಿ. ಪೆಟ್ಲಿಗೆ ಬಿದಿರು ಕಡಿದವನಿಗೂ ಸೆರೆ," ಎಂದ. ಬೊಮ್ಮರಸ ಅವನ ಕಾಲು ಹಿಡಿದು, ಸ್ವಲ್ಪ ಸಮಯ ಬೇಡಿಕೊಂಡ. ಅಲ್ಲಿಂದ ಗೆಳೆಯನ ಗುಡಿಸಲಿಗೆ ಹೋದ.

ಕೆಂಚಣ್ಣ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಬೊಮ್ಮರಸ ಅವನ ಕೈ ಹಿಡಿದುಕೊಂಡು ಕುಳಿತ.

"ಮೊದಲ ಸದ್ದು ಕೇಳಿ ನಮ್ಮ ಪೆಟ್ಲೇ ಅಂದುಕೊಂಡೆ, ಬೊಮ್ಮಣ್ಣ," ಎಂದ ಕೆಂಚಣ್ಣ. "ಯಾವ ಮಗು ಹೊಡೆಯಿತೋ ನೋಡೋಣ ಅಂತ ನಗುತ್ತಾ ಆ ಕಡೆ ತಿರುಗಿದೆ."

ಬೊಮ್ಮರಸ ತಲೆ ತಗ್ಗಿಸಿದ. ತಾನೂ ಅದೇ ಸದ್ದಿಗೆ ನಕ್ಕಿದ್ದ. ಆ ಹಿತ್ತಾಳೆಯ ಕೊಳವೆಯನ್ನು ಒಮ್ಮೆಯೂ ಕೈಗೆತ್ತಿಕೊಂಡು ನೋಡಿರಲಿಲ್ಲ.

ಬೆಳಗಾದ ಮೇಲೆ ಚಾವಡಿಯ ಮುಂದೆ ಜನ ಸೇರಿದರು. ಪಾಳೆಗಾರನೂ ಬಂದ. ಬೊಮ್ಮರಸ ಕಾವಲಿನವನ ಕೈಗೆ ಪೆಟ್ಲು ಕೊಟ್ಟು, ತನ್ನ ಅಂಗೈಯನ್ನು ಮುಂದೆ ಚಾಚಿ, ಹೊಡೆ ಎಂದ. ಕಾಯಿ ತಗುಲಿ ಅಂಗೈ ಕೆಂಪಾಯಿತು. ಆಮೇಲೆ ಹಿತ್ತಾಳೆಯ ಕೊಳವೆ ಕೊಟ್ಟು, ಅದೇ ಅಂಗೈ ಚಾಚಿ, ಹೊಡೆ ಎಂದ. ಕಾವಲಿನವನು ಕೊಳವೆಯನ್ನು ಕೆಳಗಿಟ್ಟುಬಿಟ್ಟ.

"ಏಕೆ? ಇದೂ ಗಾಳಿಯೇ ಅಲ್ಲವೇ?" ಎಂದು ಬೊಮ್ಮರಸ ಕೇಳಿದ. ಪಾಳೆಗಾರ ಸುಡುವ ಆಜ್ಞೆಯನ್ನು ಹಿಂತೆಗೆದುಕೊಂಡ.

ಅಂದು ಹೊಸ ಕಟ್ಟಳೆಯಾಯಿತು. ಪೆಟ್ಲಿಗೆ ಮುದ್ರೆ ಬೇಡವೆಂದಾಯಿತು. ಕೋವಿಗೆ ಹಳೆಯ ಮುದ್ರೆಯೇ ಉಳಿಯಿತು. ಹಿತ್ತಾಳೆಯ ಕೊಳವೆಗೆ ಬೇರೆ ಮುದ್ರೆ ಬಂತು. ಅದನ್ನು ಊರಾಚೆಯ ಬಯಲಿನಲ್ಲಿ, ಹಿರಿಯರೊಬ್ಬರ ಎದುರಿನಲ್ಲಿ ಮಾತ್ರ ಹೊಡೆಯಬೇಕಿತ್ತು. ಕೆಂಚಣ್ಣ ಒಂದೇ ಕಣ್ಣಿನಲ್ಲಿ ಮತ್ತೆ ಬಿದಿರು ಸೀಳಲು ಕಲಿತ. ಗೌರಿಹಬ್ಬ ಮತ್ತೆ ಬಂತು. ಬೀದಿಯಲ್ಲಿ ಪಟ್ ಎಂದರೆ ಮುದುಕನಾದ ಮೇಲೂ ಬೊಮ್ಮರಸ ಮೊದಲು ಎದ್ದು ಹೊರಗೆ ಬಂದು ನೋಡುತ್ತಿದ್ದ. ನಗುವುದೇನಿದ್ದರೂ ಆಮೇಲೆ.

ಗುರುಗಳು ಕತೆ ನಿಲ್ಲಿಸಿದರು.

ವೀರಣ್ಣನ ಮುಖ ಅರಳಿತು. "ಹಾಗಾದರೆ ಬೇರೆ ಬೇರೆಯೇ ಇರಬೇಕು ಎಂದಾಯಿತು. ಆದರೆ ಗುರುಗಳೇ, ಆಟಿಕೆ ಎಲ್ಲಿ ಮುಗಿಯುತ್ತದೆ, ಆಯುಧ ಎಲ್ಲಿ ಶುರುವಾಗುತ್ತದೆ? ಆ ಗೆರೆಯನ್ನು ನಾನು ಎಲ್ಲಿ ನಿಂತು ಎಳೆಯಲಿ?"

"ಕೋವಿಯ ಬಾಯಿಗೆ ಎದುರಾಗಿ ನಿಂತು ಎಳೆ," ಎಂದರು ಗುರುಗಳು.

ವೀರಣ್ಣ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡ.