ಸುಣ್ಣ ಹಚ್ಚಿದ ಗೋಡೆ

ಹೊಳೆದಂಡೆಯ ಮಠದಲ್ಲಿ ಮುಪ್ಪಯ್ಯಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಚನ್ನವೀರ ಮಠದ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದ. ಸಂಸಾರಿಯಾದರೂ ಧ್ಯಾನ ತಪ್ಪಿಸಿದವನಲ್ಲ. ಅಡಿಗೆಮನೆಯ ಗೋಡೆಗೆ ತಾಗಿದ ಹೊರಗಟ್ಟೆಯ ಮೇಲೆ ದಿನವೂ ಬೆಳಗ್ಗೆ ಕಣ್ಣು ಮುಚ್ಚಿ ಕೂರುತ್ತಿದ್ದ.

ಒಂದು ದಿನ ಅವನು ಓಡಿಬಂದು ಗುರುಗಳ ಮುಂದೆ ನಿಂತ. ಮುಖ ಬಿಳಿಚಿಕೊಂಡಿತ್ತು.

ಅವನ ಹೆಂಡತಿ ಸಾವಂತ್ರಿ ತವರಿಗೆ ಹೋಗಿ ತಿಂಗಳುಗಳೇ ಆಗಿದ್ದವು. ಈ ಮನೆಯಲ್ಲಿ ಇನ್ನು ನನ್ನಿಂದಾಗದು ಎಂದಷ್ಟೇ ಹೇಳಿ ಹೋಗಿದ್ದಳು. ಈಗ ಅಂಬಿಗನ ಹತ್ತಿರ ಹೇಳಿ ಕಳಿಸಿದ್ದಳು. ಸಂಜೆ ಅಣ್ಣನ ಜೊತೆ ಬರುತ್ತಾಳಂತೆ. ಮನೆ ಹೇಗಿತ್ತೋ ಹಾಗೇ ಇದ್ದರೆ ತನ್ನ ಪಾತ್ರೆಗಳನ್ನು ಎತ್ತಿಕೊಂಡು ಅದೇ ದೋಣಿಯಲ್ಲಿ ಹೊರಟುಹೋಗುತ್ತಾಳಂತೆ.

“ಅಜ್ಜಾರ, ಸಂಜಿಯೊಳಗ ಮನಿ ಹೊಸದಾಗಬೇಕು,” ಎಂದ ಚನ್ನವೀರ. “ಕೈಯಾಗ ಏನೂ ಇಲ್ಲ.”

“ಮನಿಗೆ ಏನಾಗೈತಿ?”

“ಹಳೇದಾಗೈತಿ. ಮಂಕಾಗೈತಿ. ಆಕಿಗೆ ಬ್ಯಾಸರಾಗೈತಿ.”

“ಹಂಗಂತ ಆಕಿ ಅಂದಳೇನು?”

ಅದನ್ನೆಲ್ಲ ಯೋಚಿಸಲು ಚನ್ನವೀರನಿಗೆ ಪುರುಸೊತ್ತಿರಲಿಲ್ಲ. ಮತ್ತಿನ್ನೇನು ಇದ್ದೀತು ಎಂದುಬಿಟ್ಟ. ಗುರುಗಳು ಮಠದಲ್ಲಿ ಮಿಕ್ಕಿದ್ದ ಒಂದು ಬಕೆಟ್ಟು ಸುಣ್ಣ ತೋರಿಸಿದರು. ಒಂದು ಹಳೆಯ ಕಾವಿ ಪಂಚೆಯನ್ನೂ ಕೊಟ್ಟರು.

ಹೆದರಿಕೆ ಮನುಷ್ಯನಿಂದ ಎಷ್ಟು ಕೆಲಸ ತೆಗೆಯುತ್ತದೆ ಎಂಬುದನ್ನು ಅವತ್ತು ನೋಡಬೇಕಿತ್ತು. ಕಟ್ಟೆಯ ಗೋಡೆಗೂ ಪಡಸಾಲೆಗೂ ಸುಣ್ಣ ಹಚ್ಚಿದ. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದ. ಪಂಚೆಯನ್ನು ಹರಿದು ಬಾಗಿಲಿಗೆ ಪರದೆ ಕಟ್ಟಿದ. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ. ಬಾಯಿ ಒಡೆದ ಗಡಿಗೆಗೆ ಮಣ್ಣು ತುಂಬಿ, ತುಳಸಿ ನೆಟ್ಟು, ಕಟ್ಟೆಯ ಮೇಲಿಟ್ಟ. ಕಾಸು ಖರ್ಚಿಲ್ಲದೆ ಮನೆಗೆ ಹಬ್ಬದ ಕಳೆ ಬಂತು.

ಹೊತ್ತು ಇಳಿಯುವಾಗ ಸುಣ್ಣ ಮುಗಿಯಿತು. ಅಡಿಗೆಮನೆ ಹಾಗೇ ಉಳಿಯಿತು. ಅಲ್ಲಿಗೆ ಯಾರು ಬಂದು ನೋಡುತ್ತಾರೆ ಎಂದುಕೊಂಡು ಚನ್ನವೀರ ಗುರುಗಳನ್ನು ಕರೆತಂದ.

ಗುರುಗಳು ಅಂಗಳದಲ್ಲಿ ನಿಂತು ನೋಡಿದರು. ಚಂದ ಆಗಿದೆ ಎಂದರು. ಆಮೇಲೆ ಕೇಳಿದರು, “ಸಾವಂತ್ರಿ ಯಾವ ಬಾಗಿಲಿಂದ ಒಳಗ ಬರತಾಳ?”

“ಹಿತ್ತಲ ಬಾಗಿಲಿಂದ. ನೀರು, ಕಟಗಿ, ಎಲ್ಲಾ ಹೊತ್ತು ತರತಾಳಲ್ಲ, ಆಕಿಗೆ ಅದ ದಾರಿ.”

ಗುರುಗಳು ಮನೆ ಸುತ್ತಿ ಹಿತ್ತಲಿಗೆ ಹೋದರು. ಅಡಿಗೆಮನೆಯ ಕತ್ತಲಲ್ಲಿ ತಡವರಿಸುತ್ತ ಒಳಗೆ ಕಾಲಿಟ್ಟರು. ಹಸಿವಾಗಿದೆ, ಒಂದು ರೊಟ್ಟಿ ಮಾಡು ಎಂದರು.

ಚನ್ನವೀರ ಹೊಳೆಯ ಕಡೆ ನೋಡಿದ. ಆಚೆ ದಡದಲ್ಲಿ ದೋಣಿ ಇನ್ನೂ ಕಟ್ಟಿತ್ತು. ಈ ಹೊತ್ತಿನಲ್ಲಿ ರೊಟ್ಟಿಯೇ ಎಂದು ಅವನಿಗೆ ಸಿಟ್ಟೇ ಬಂತು. ಆದರೆ ಗುರುಗಳಿಗೆ ಇಲ್ಲ ಎನ್ನುವ ಹಾಗಿಲ್ಲ.

ಹೆಂಡತಿ ಹೋದ ಮೇಲೆ ಅವನ ಊಟ ಮಠದಲ್ಲೇ ನಡೆಯುತ್ತಿತ್ತು. ಆ ಒಲೆಯ ಮುಂದೆ ಅವನು ಕೂತದ್ದು ಅದೇ ಮೊದಲು. ಹೊಳೆಯ ಗಾಳಿಗೆ ಬೆಂಕಿ ನಿಲ್ಲಲಿಲ್ಲ. ಬಾಗಿಲು ಎಳೆದುಕೊಂಡು ಮತ್ತೆ ಹೊತ್ತಿಸಿದ.

ಹೊಗೆ ಎದ್ದಿತು. ಮೇಲೆ ಹೋಯಿತು, ದಾರಿ ಕಾಣದೆ ಕೆಳಗೆ ಇಳಿಯಿತು. ಕಣ್ಣಲ್ಲಿ ನೀರು ಸುರಿಯತೊಡಗಿತು. ಕೆಮ್ಮು ಬಂದು ಉಸಿರು ಸಿಕ್ಕಿಕೊಂಡಿತು. ಹಂಚಿನ ಮೇಲೆ ರೊಟ್ಟಿ ಇತ್ತು, ಬಿಟ್ಟು ಏಳುವಂತಿರಲಿಲ್ಲ.

ಗುರುಗಳು ಅಷ್ಟರಲ್ಲಿ ಹೊರಗೆ ಹೋಗಿ ಕಟ್ಟೆಯ ಮೇಲೆ, ಅವನ ಧ್ಯಾನದ ಜಾಗದಲ್ಲೇ ಕೂತಿದ್ದರು.

“ಇಲ್ಲಿ ಒಂದೀಟೂ ಹೊಗಿ ಇಲ್ಲ, ತಮ್ಮಾ,” ಎಂದು ಅಲ್ಲಿಂದಲೇ ಕೂಗಿ ಹೇಳಿದರು. “ಭಾಳ ಆರಾಮ ಐತಿ.”

ಚನ್ನವೀರನ ಕೈ ನಿಂತಿತು.

ಒಲೆಯ ಮೇಲಿನ ಗೋಡೆಯಲ್ಲಿ ಮೊದಲು ಒಂದು ಕಿಂಡಿ ಇತ್ತು. ಹೊಗೆ ಅದರಿಂದ ಹೊರಬಿದ್ದು ನೇರ ಕಟ್ಟೆಗೆ ಬರುತ್ತಿತ್ತು. ಧ್ಯಾನ ಕೆಡುತ್ತದೆ ಎಂದು ಅವನೇ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದ್ದ. ಹೊಗೆ ಇನ್ನು ಎಲ್ಲಿ ಹೋಗಬೇಕು ಎಂದು ಸಾವಂತ್ರಿ ಅವತ್ತು ಕೇಳಿದ್ದಳು. ಅವನು ಜಪದಲ್ಲಿದ್ದ. ಸುಮ್ಮನಿರು ಎಂದು ಕೈ ಸನ್ನೆ ಮಾಡಿದ್ದ. ಅವಳು ಮತ್ತೆಂದೂ ಕೇಳಿರಲಿಲ್ಲ.

ನಾಚಿಕೆಯಿಂದ ಅವನ ಮೈ ಸುಟ್ಟಂತಾಯಿತು. ಹಾರೆ ತಂದು ಕಿಂಡಿಗೆ ಹಾಕಿದ. ಗುರುಗಳು ಎದ್ದು ಅಂಗಳಕ್ಕಿಳಿದರು. ಇಟ್ಟಿಗೆಗಳು ಕಟ್ಟೆಯ ಮೇಲೆ ಬಿದ್ದವು, ತುಳಸಿಯ ಗಡಿಗೆ ಚೂರಾಯಿತು. ಹಿಂದೆಯೇ ನುಗ್ಗಿದ ಮಸಿ, ಹೊಗೆ ಹೊಸ ಸುಣ್ಣದ ಮೇಲೆ ಕಪ್ಪಗೆ ಇಳಿಯಿತು.

ಹೊರಗೆ ಬಂದು ನೋಡಿದರೆ ದೋಣಿ ನಡುಹೊಳೆಯಲ್ಲಿತ್ತು. ಅವನು ಗೋಡೆಯತ್ತ ತಿರುಗಿದ.

“ಅಜ್ಜಾರ, ಎಲ್ಲಾ ಹಾಳಾತು. ಸದ್ಯಕ್ಕ ಕಿಂಡಿಗೆ ಗೋಣಿಚೀಲ ತುರುಕಿ ಗ್ವಾಡಿ ಒರಸತೀನಿ. ಆಕಿ ಇರತೀನಿ ಅಂದಮ್ಯಾಲೆ ತಗದರಾತು.”

“ತುರುಕು,” ಎಂದರು ಗುರುಗಳು. “ಒಳಗ ನಿಂತು ತುರುಕು.”

ಚನ್ನವೀರ ಚೀಲ ಹಿಡಿದು ಒಳಗೆ ಹೋದ. ಇಳಿಹೊತ್ತಿನ ಬಿಸಿಲು ಕಿಂಡಿಯಿಂದ ಬಂದು ಒಲೆಯ ಮೇಲೆ, ಅವಳ ಮಣೆಯ ಮೇಲೆ, ಅವಳು ಒಯ್ಯಲು ಬರುತ್ತಿದ್ದ ಪಾತ್ರೆಗಳ ಮೇಲೆ ಬಿದ್ದಿತ್ತು. ಅವನು ಚೀಲ ಎತ್ತಿದ. ಕೈ ಮುಂದೆ ಹೋಗಲಿಲ್ಲ.

ಹಿತ್ತಲ ಬಾಗಿಲು ತೆರೆಯಿತು. ಸಾವಂತ್ರಿ ಹೊಸ್ತಿಲಲ್ಲಿ ನಿಂತಿದ್ದಳು. ಮುಂದಿನ ಅಂಗಳದಲ್ಲಿ ಅವಳ ಅಣ್ಣ, ಗೋಡೆಯೆಲ್ಲ ಮಸಿ, ಇದೇನು ಮನೆಯೋ ಸುಡುಗಾಡೋ ಎಂದು ಗೊಣಗುತ್ತಿದ್ದ.

ಅವಳು ಕಿಂಡಿಯನ್ನು ನೋಡಿದಳು. ಗಂಡನ ಕೆಂಪು ಕಣ್ಣುಗಳನ್ನು ನೋಡಿದಳು.

“ಯಾರು ತಗದ್ರು?”

“ನಾನ.”

“ಮುಚ್ಚಿದ್ದು?”

“ಅದೂ ನಾನ.”

ಅವಳು ಪಾತ್ರೆಗಳ ಹತ್ತಿರ ಹೋಗಿ ಬಗ್ಗಿದಳು. ಚನ್ನವೀರ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಹಂಚಿನ ಮೇಲೆ ಕರಕಲಾಗಿದ್ದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹಿಟ್ಟು ನಾದುವ ಕೊಣವನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು.

“ಅಣ್ಣಾ,” ಎಂದಳು ಕಿಂಡಿಯ ಕಡೆ ಮುಖ ಎತ್ತಿ, “ದ್ವಾಣಿ ಹೋಗಲಿ. ಅಮಾಸಿಗೆ ಬಂದು ಒಮ್ಮಿ ನೋಡು.”

ಮರುದಿನ ಬೆಳಗ್ಗೆ ಚನ್ನವೀರ ಮಠಕ್ಕೆ ಬಂದ. ಕೇಳಲು ಸಂಕೋಚ, ಆದರೂ ಕೇಳಿದ. ಹೊಗೆ ಮತ್ತೆ ನೇರ ಕಟ್ಟೆಗೇ ಬರುತ್ತಿದೆ, ಕಣ್ಣು ಉರಿಯುತ್ತದೆ, ಇನ್ನು ಧ್ಯಾನಕ್ಕೆ ಎಲ್ಲಿ ಕೂರಲಿ ಎಂದ.

“ಅಲ್ಲೇ ಕುಂದ್ರು,” ಎಂದರು ಮುಪ್ಪಯ್ಯಜ್ಜ. “ಹೊಗಿ ಬಂತಂದ್ರ ಒಲಿ ಹತ್ತವಲ್ದು ಅಂತ ತಿಳಿ. ಎದ್ದು ಒಳಗ ಹೋಗಿ ಊದು.”